ಹತ್ತನೆಯ ಖಾನೆ

ಮುಂದೊಂದು ದಿನ ಯಾರಾದರೂ ಬಸವನ ಬಾಗೇವಾಡಿ ತಾಲೂಕಿನ ಇತಿಹಾಸ ಬರೆಯಲು ಕೂತರೆ ಅವರು ಒಂದು ಉಪ್ಪಿನಕಾಯಿ ಡಬ್ಬಿಯಿಂದ ಆರಂಭಿಸಬೇಕಾಗುತ್ತದೆ. ಐದು ಕಿಲೋ ಹಿಡಿಯುವ ಪ್ಲಾಸ್ಟಿಕ್ ಡಬ್ಬಿ. ಕೆಂಪು ಮುಚ್ಚಳ. ಒಳಗೆ ಇಪ್ಪತ್ತೆರಡು ಚೀಟಿ. ಹೋದ ವರ್ಷ ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ಹತ್ತೂ ಕಾಲಿಗೆ ಈ ಡಬ್ಬಿಯನ್ನು ಅಲುಗಾಡಿಸಲಾಯಿತು. ಮಸೂತಿ ಎಂಬ ಹಳ್ಳಿಯ ಆಚೆ ಒಂಬತ್ತು ಕಿಲೋಮೀಟರು ಒಳಗಿರುವ ಆ ಊರಿನ ಹೆಸರು ಬೇಡ. ಹೇಳಿದರೆ ಸುತ್ತಲಿನ ಹತ್ತು ಊರಿನವರು ನಮ್ಮನ್ನೇಕೆ ಬಿಟ್ಟಿರಿ ಎಂದು ಜಗಳಕ್ಕೆ ಬಂದಾರು.

ಡಬ್ಬಿ ಅಲುಗಾಡಿಸುವುದೂ ಒಂದು ಸುದ್ದಿಯೇ ಎನ್ನಬೇಡಿ. ಆ ಸರಕಾರಿ ಹೈಸ್ಕೂಲಿನಲ್ಲಿ ಅದುವರೆಗೆ ಯಾರೂ ಅದನ್ನು ಅಲುಗಾಡಿಸಿರಲಿಲ್ಲ. ಚೀಟಿ ಎತ್ತುವ ಪದ್ಧತಿಯೇನೋ ಇತ್ತು. ಕೂಡುವ ಬೆಂಚು, ಆಟದ ತಂಡ, ಝೆಂಡಾ ದಿನದ ಭಾಷಣ, ಪಾಯಖಾನೆ ತೊಳೆಯುವ ಪಾಳಿ, ಎಲ್ಲಕ್ಕೂ ಚೀಟಿ. ಆದರೆ ಮೇಲಿನ ಓಣಿಯವರಿಗೆ ಸಲ್ಲಬೇಕಾದ ಚೀಟಿಗೆ ಎರಡು ಮಡಿಕೆ, ಕೆಳಗಿನ ಓಣಿಯವರಿಗೆ ಸಲ್ಲಬೇಕಾದದ್ದಕ್ಕೆ ನಾಲ್ಕು ಮಡಿಕೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಡಬ್ಬಿಯೊಳಗೆ ಹೋದ ಬೆರಳಿಗೆ ತನ್ನದು ಯಾವುದೆಂದು ಗೊತ್ತಾಗುತ್ತಿತ್ತು. ಕೆಳಗಿನ ಓಣಿಯ ಒಬ್ಬನೇ ಒಬ್ಬ ಹುಡುಗ ಎರಡು ಮಡಿಕೆಯದಕ್ಕೆ ಕೈ ಹಾಕಿದ್ದ. ಅವನು ಈಗ ಶಾಲೆಯಲ್ಲಿಲ್ಲ. ಎಲ್ಲ ಮುಗಿದ ಮೇಲೆ ಹೆಡ್ ಮಾಸ್ತರರು 'ದೈವೇಚ್ಛೆ' ಎನ್ನುತ್ತಿದ್ದರು. ದೈವಕ್ಕೆ ಮಡಿಕೆ ಎಣಿಸಲು ಬರುತ್ತಿತ್ತು.

ತಪ್ಪು ಮಾಡಿದವನು ಶಮಶುದ್ದೀನ. ಮುದ್ದೇಬಿಹಾಳದವನು. ವರ್ಷದ ಕರಾರಿನ ಮೇಲೆ ಬಂದ ಮಾಸ್ತರ. ಹತ್ತನೆಯ ಇಯತ್ತೆಯವರಿಗೆ ಮೂರನೆಯ ಭಾಷೆಯ ಬದಲಿಗೆ 'ಹೆಲ್ತ್ ಕೇರ್' ಎಂಬ ವಿಷಯ ಬಂದಿತ್ತು. ಹಾಸಿಗೆ ಹಿಡಿದವರ ಮಗ್ಗುಲು ಬದಲಿಸುವುದು, ನಾಡಿ ಎಣಿಸುವುದು, ನುಂಗಲಾರದವರಿಗೆ ಉಣಿಸುವುದು, ಇದನ್ನೆಲ್ಲ ಕಲಿಸುವುದು ಅವನ ಕೆಲಸ. ವರ್ಷದ ಕೊನೆಗೆ ಪ್ರತಿ ವಿದ್ಯಾರ್ಥಿಯೂ ಊರಿನ ಒಬ್ಬ ಮುದುಕರನ್ನೋ ಮುದುಕಿಯನ್ನೋ ಆರು ದಿನ ಆರೈಕೆ ಮಾಡಬೇಕು. ಮುಂಜಾನೆ ಒಂದು ತಾಸು, ಸಂಜೆ ಒಂದು ತಾಸು. ಮಾಡಿದ್ದನ್ನು ಆರೈಕೆ ವಹಿಯಲ್ಲಿ ಬರೆಯಬೇಕು. ವಹಿಯಲ್ಲಿ ಹತ್ತು ಖಾನೆ. ಹಾಸಿಗೆ, ಮಗ್ಗುಲು, ಮಲಮೂತ್ರ, ಮೈ ಒರೆಸುವುದು, ತಲೆ, ಉಗುರು, ನಾಡಿ. ಇವು ಏಳು. ಆಮೇಲೆ ಔಷಧ, ಊಟ, ನೀರು. ಪ್ರತಿ ಖಾನೆಯ ಮುಂದೆ ಮನೆಯವರ ಸಹಿ. ಖಾನೆಗೆ ಎರಡರಂತೆ ಇಪ್ಪತ್ತು ಅಂಕ. ವಹಿ ಇಲ್ಲದವರು ಆ ವಿಷಯದಲ್ಲಿ ಪಾಸಿಲ್ಲ.

ಶಮಶುದ್ದೀನನಿಗೆ ಈ ಊರಿನ ಮಡಿಕೆಗಳು ಗೊತ್ತಿರಲಿಲ್ಲ. ಇಪ್ಪತ್ತೆರಡೂ ಚೀಟಿಗಳನ್ನು ಬೀಡಿಯ ಹಾಗೆ ಒಂದೇ ಅಳತೆಗೆ ಸುತ್ತಿದ. ಡಬ್ಬಿಗೆ ಹಾಕಿದ. ಮುಚ್ಚಳ ಬಿಗಿದ. ಅಲುಗಾಡಿಸಿದ.

ಹದಿನಾಲ್ಕನೆಯದು ಸೌಂದರ್ಯಾಳ ಪಾಳಿ. ಪಂಚಾಯತಿ ಬೋರ್ಡಿನಲ್ಲಿ ಭೀಮನಗರ, ಜನರ ಬಾಯಲ್ಲಿ ಹೊಲಗೇರಿ, ಅಲ್ಲಿಯ ಹುಡುಗಿ. ಅಪ್ಪ ಸುಭಾಸ ಸೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೋಗಿದ್ದ. ಅವ್ವ ಯಶೋಧಾ ಊರ ಸಾವಕಾರ ಶ್ರೀಶೈಲಪ್ಪನ ಹೊಲದಲ್ಲಿ ಉಳ್ಳಾಗಡ್ಡಿ ಕೀಳುತ್ತಿದ್ದಳು. ಸೌಂದರ್ಯಾಗೆ ನರ್ಸ್ ಆಗಬೇಕಿತ್ತು. ಬೇರೆ ಏನೂ ಆಗಬೇಕಿರಲಿಲ್ಲ. ಆಕೆ ಡಬ್ಬಿಗೆ ಕೈ ಹಾಕಿದಳು. ಬೆರಳು ನಾಲ್ಕು ಮಡಿಕೆ ಹುಡುಕಿತು. ಸಿಗಲಿಲ್ಲ. ಎಲ್ಲವೂ ಬೀಡಿ. ಒಂದನ್ನು ಎತ್ತಿ ಬಿಚ್ಚಿದಳು.

'ಹೊನ್ನವ್ವ. ವಯಸ್ಸು 78. ಲಕ್ವಾ. ಮೇಲಿನ ಓಣಿ.'

ಹೊನ್ನವ್ವ ಎಂದರೆ ಶ್ರೀಶೈಲಪ್ಪನ ತಾಯಿ. ಶ್ರೀಶೈಲಪ್ಪ ಎಂದರೆ ಶಾಲಾ ಸಮಿತಿಯ ಅಧ್ಯಕ್ಷ. 'ನಮ್ಮವ್ವನ ಹೆಸರೂ ಬರಕೋರಿ, ಮಕ್ಕಳು ಕಲೀಲಿ' ಎಂದು ಸಭೆಯಲ್ಲಿ ಎದೆ ತಟ್ಟಿದ್ದ. ಮಡಿಕೆಗಳ ಮೇಲೆ ಅವನಿಗೆ ಭರವಸೆ ಇತ್ತು. ಅವನ ಮಗಳು ಐಶ್ವರ್ಯ ಎರಡನೆಯ ಬೆಂಚಿನಲ್ಲೇ ಕೂತಿದ್ದಳು. ಅವಳ ಕೈಯಲ್ಲಿದ್ದ ಚೀಟಿಯಲ್ಲಿ ಕೆಳಗಿನ ಓಣಿಯ ಗುಂಡವ್ವನ ಹೆಸರು ಬಂದಿತ್ತು.

"ಸರ್, ಇದು ನಡಿಯಂಗಿಲ್ಲ," ಎಂದಳು ಐಶ್ವರ್ಯ.

"ಯಾಕ ನಡಿಯಂಗಿಲ್ಲ?" ಎಂದ ಶಮಶುದ್ದೀನ. ಪಾಪ, ಖರೇನೇ ಕೇಳಿದ.

*

ಮಧ್ಯಾಹ್ನ ಶ್ರೀಶೈಲಪ್ಪ ಶಾಲೆಗೆ ಬಂದ. ಒದರಾಡಲಿಲ್ಲ. ಅವನು ಒದರಾಡುವ ಪೈಕಿ ಅಲ್ಲ. ಅವನ ಪಡಸಾಲಿಯಲ್ಲಿ ಬಸವಣ್ಣನವರ ಆಳೆತ್ತರದ ಪಟ ಇತ್ತು. ಸೌಂದರ್ಯಾಳನ್ನು ಕರೆಸಿ ಎದುರಿಗೆ ನಿಲ್ಲಿಸಿ ಮಾಸ್ತರರಿಗೆ ಹೇಳಿದ.

"ಚೀಟಿ ಬಂದದ್ದ ಬಂತು. ಹುಡುಗಿ ಬರ್ಲಿ. ನಾ ಜಾತಿಗೀತಿ ಮಾಡಾಂವಲ್ಲ. ಹಿತ್ತಲ ಬಾಗಲ್ಲೆ ಬರ್ಲಿ, ಅದs ಸಮೀಪ ಆಕ್ಕೈತಿ. ಏಳನೇ ಖಾನೆತನಕ ಆಕಿ ಮಾಡ್ಲಿ. ಔಷಧ, ಊಟ, ನೀರು ನಮ್ಮ ಐಶೂ ನೋಡ್ಕೋತಾಳ. ಆದ್ರ ಸಹಿ ಮಾತ್ರ ಹತ್ತಕ್ಕ ಹತ್ತೂ ಮಾಡ್ತೀನಿ. ಬಡವರ ಹುಡುಗಿ, ಪಾಸಾಗ್ಲಿ."

ಹೆಡ್ ಮಾಸ್ತರರು 'ದೊಡ್ಡ ಮನಸು' ಎಂದರು. ಶಮಶುದ್ದೀನ ನೆಲ ನೋಡಿದ.

"ಏನವ್ವಾ, ಒಪ್ಪಿಗಿ ಐತೇನು?" ಎಂದ ಶ್ರೀಶೈಲಪ್ಪ.

ಸೌಂದರ್ಯಾ "ಹೂಂರಿ" ಎಂದಳು. ಆಗ ಅವಳಿಗೆ ಅಂಕ ಬೇಕಿತ್ತು. ಹೇಸಿಗೆಯ ಕೆಲಸಕ್ಕೆ ಅವಳು ಹೆದರಿರಲಿಲ್ಲ. ಬಾಯಿಗೆ ಸಂಬಂಧಪಟ್ಟ ಮೂರು ಖಾನೆ ತನ್ನದಲ್ಲ ಎಂಬುದನ್ನು ಅವಳು ಹುಟ್ಟಿದಾಗಿನಿಂದ ಬಲ್ಲಳು. ಅದನ್ನು ಸರಕಾರಿ ಕಾಗದದ ಮೇಲೆ ನೋಡಿದ್ದು ಮಾತ್ರ ಮೊದಲ ಸಲ.

*

ಸೋಮವಾರ ಮುಂಜಾನೆ ಏಳಕ್ಕೆ ಹಿತ್ತಲ ಬಾಗಿಲಿನಲ್ಲಿ ನಿಂತಳು. ಬಿಳಿ ಏಪ್ರನ್, ಕೈಚೀಲ, ವಹಿ.

ಮುದುಕಿಯ ಮಂಚ ನಡುಮನೆಯಲ್ಲಿರಲಿಲ್ಲ. ದನದ ಕೊಟಗಿಗೆ ಬಂದಿತ್ತು. ಎರಡು ಎಮ್ಮೆ, ಒಂದು ಕರು, ಮೂಲೆಯಲ್ಲಿ ಹೊನ್ನವ್ವ. ಸೌಂದರ್ಯಾ ಮನೆಯೊಳಗೆ ಕಾಲಿಡಬಾರದೆಂದು ಮುದುಕಿಯನ್ನೇ ಮನೆಯ ಹೊರಗೆ ತಂದಿದ್ದರು. ನಲವತ್ತು ವರ್ಷ ಆ ಮನೆಯ ಒಲೆ ಹೊತ್ತಿಸಿದ ಹೆಂಗಸು. ಒಂದು ಚೀಟಿಯಿಂದ ಎಮ್ಮೆಗಳ ಸಾಲಿಗೆ ಸೇರಿದ್ದಳು.

ಸೊಸೆ ಸೀತವ್ವ ಒಳಬಾಗಿಲಿನಲ್ಲೇ ನಿಂತು ಹೇಳಿದಳು. "ರಾತ್ರಿದು ಹಂಗs ಐತಿ ನೋಡ. ಬಕೇಟ ಅಲ್ಲೈತಿ. ನೀರ ನಾ ಮ್ಯಾಲಿಂದ ಸುರೂತೀನಿ, ನೀ ಹಿಡಿ."

ಸೌಂದರ್ಯಾ ದುಪ್ಪಡಿ ತೆಗೆದಳು. ವಾಸನೆ ಮುಖಕ್ಕೆ ಹೊಡೆಯಿತು. ಹೇಲು ಸೀರೆಗೆ, ಸೀರೆ ಚರ್ಮಕ್ಕೆ ಅಂಟಿ ಒಣಗಿತ್ತು. ಕಿತ್ತರೆ ಚರ್ಮ ಬರುತ್ತದೆ. ನೆನೆಸಬೇಕು. ನೆನೆಸಿದಳು. ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿದಳು. ಮಾಸ್ತರ ಕಲಿಸಿದ್ದು ಹಾಗೆ. ಟೊಂಕದ ಕೆಳಗೆ ರೂಪಾಯಿ ಅಗಲದ ಹುಣ್ಣು. ಒಳಗೆ ಕೆಂಪು, ಅಂಚಿನಲ್ಲಿ ಬಿಳಿ. ಮನೆಯಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ನೋಡಬೇಕೆಂದರೆ ಹೊರಳಿಸಬೇಕು. ಹೊರಳಿಸಬೇಕೆಂದರೆ ಮುಟ್ಟಬೇಕು.

ಹೊನ್ನವ್ವನ ಬಲಮೈ ಸತ್ತಿತ್ತು. ಬಾಯಿ ಒಂದು ಕಡೆ ವಾಲಿತ್ತು. ಎಡಗಣ್ಣು ಮಾತ್ರ ಮೊದಲಿನ ಸಾವಕಾರತಿಯದೇ. ಆ ಕಣ್ಣಿನಿಂದ ಹುಡುಗಿಯನ್ನು ಅಳೆದು, ಅರ್ಧ ನಾಲಿಗೆಯಲ್ಲಿ ಕೇಳಿದಳು.

"ಯಾ... ಯಾರ ಪೈಕಿ?"

"ಯಶೋಧಾನ ಮಗಳ್ರಿ. ಉಳ್ಳಾಗಡ್ಡಿ ಹೊಲಕ್ಕ ಬರ್ತಾಳಲ್ರಿ, ಆಕಿ."

ಮುದುಕಿ ಚೆನ್ನಾಗಿದ್ದ ಎಡಗೈಯನ್ನು ಎದೆಗೆ ಎಳೆದುಕೊಂಡಳು. "ಮುಟ್... ಮುಟ್ಟಬ್ಯಾಡ."

ಹುಡುಗಿಯ ಎರಡೂ ಕೈ ಆಗ ಮುದುಕಿಯ ತೊಡೆಗಳ ನಡುವೆ ಇದ್ದವು.

"ಆತ್ರೀ," ಎಂದಳು ಸೌಂದರ್ಯಾ. "ಎಡಗೈ ಮುಟ್ಟೂದಿಲ್ಲ. ಉಳದದ್ದ ತೊಳೀತೀನಿ."

ಎಲ್ಲ ಮುಗಿದ ಮೇಲೆ ಐಶ್ವರ್ಯ ಬಂದಳು. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದು ಕೈಯಲ್ಲಿ ಫೋನು. ಮುದುಕಿ ಅಂಗಾತ ಮಲಗಿದ್ದಂತೆಯೇ ಬಾಯಿಗೆ ನೀರು ಸುರಿದಳು. ಹೊನ್ನವ್ವ ಕೆಮ್ಮಿದಳು. ಕಣ್ಣು ಮೇಲೆ ಹೋದವು. ಮುಖ ಬದನೆಕಾಯಿ ಬಣ್ಣವಾಯಿತು.

"ಐಶೂ, ಎತ್ತಿ ಕುಂಡ್ರಸ. ಗದ್ದ ಕೆಳಗ ಮಾಡಿಸಿ ಚಮಚೇಲೆ ಹಾಕ. ಇಲ್ಲಾಂದ್ರ ನೀರ ಫುಪ್ಪುಸಕ್ಕ ಹೋಗತೈತಿ. ಸರ್ ಹೇಳಿಲ್ಲೇನ?"

"ನಿನ್ನ ಖಾನೆ ನೀ ನೋಡ್ಕೋ," ಎಂದಳು ಐಶ್ವರ್ಯ.

ಅವಳು ತನ್ನ ಖಾನೆಯನ್ನು ನೋಡಿಕೊಂಡಿದ್ದಳು. ಗುಂಡವ್ವನ ಗುಡಿಸಲಿಗೆ ಒಂದು ಸಲವೂ ಹೋಗದೆ, ಆಳಿನ ಕೈಯಲ್ಲಿ ವಹಿ ಕಳಿಸಿ ಹತ್ತು ಹೆಬ್ಬೆಟ್ಟು ತರಿಸಿಕೊಂಡಿದ್ದಳು. ಮೊದಲ ದಿನವೇ.

ಮಂಗಳವಾರ ಹಾಗೆಯೇ. ಬುಧವಾರವೂ. ಮುಂಜಾನೆ ಬರುವಷ್ಟರಲ್ಲಿ ರಾತ್ರಿಯದು, ಸಂಜೆ ಬರುವಷ್ಟರಲ್ಲಿ ಮಧ್ಯಾಹ್ನದ್ದು. ಸೌಂದರ್ಯಾಳ ಬೆನ್ನು ಹಿಡಿಯಿತು. ಉಗುರಿನ ಸಂದಿಯ ವಾಸನೆ ರೊಟ್ಟಿ ಮುರಿಯುವಾಗಲೂ ಹೋಗಲಿಲ್ಲ. ಹುಣ್ಣಿಗೆ ಮುಲಾಮು ಹಚ್ಚಿ, ಗೋಣಿಚೀಲ ಮಡಿಚಿ ಆನಿಕೆ ಕೊಟ್ಟು ಮಗ್ಗುಲು ಬದಲಿಸಿದಳು. ಮೂರನೆಯ ದಿನ ಹೊನ್ನವ್ವ ಎಡಗೈ ಎಳೆದುಕೊಳ್ಳುವುದನ್ನು ಬಿಟ್ಟಳು. ಮನಸ್ಸು ತಿರುಗಿತೆಂದಲ್ಲ. ಹುಣ್ಣಿನ ಉರಿ ಕಡಿಮೆಯಾಗಿತ್ತು.

ಮನೆಯಲ್ಲಿ ಯಶೋಧಾ ಕೇಳಿದಳು. "ಏನರೆ ಚಾ ಪಾ ಕೊಡ್ತಾರೇನು?"

"ಕೊಡ್ತಾರ. ಗ್ವಾಡಿ ಮ್ಯಾಲೆ ಇಟ್ಟು ಹೋಗ್ತಾರ. ಕಪ್ ಒಡದೈತಿ."

"ಮತ್ತೇನ ಬೆಳ್ಳಿ ತಾಟ ಇಡ್ತಾರ? ಆರ ದಿನ ಹಲ್ಲ ಕಚಗೊಂಡ ಮುಗಿಸ. ಸಹಿ ತಗೊಂಡ ಬಾ."

*

ಗುರುವಾರ ಸಂಜೆ ಸೀತವ್ವ, ಶ್ರೀಶೈಲಪ್ಪ ಸಿಂದಗಿಗೆ ಬೀಗರ ಮನೆ ಶಾಂತಿಗೆ ಹೋಗಿದ್ದರು. ಮನೆಯಲ್ಲಿ ಐಶ್ವರ್ಯ ಒಬ್ಬಳೇ. ಒಳಗಿನ ಕೋಣೆಯಲ್ಲಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು.

ಸೌಂದರ್ಯಾ ಮೈ ಒರೆಸಿ ಮುಗಿಸಿದ್ದಳು. ಹೊನ್ನವ್ವನ ತುಟಿ ಬಿರಿದಿತ್ತು. ನಾಲಿಗೆಯ ಮೇಲೆ ಬಿಳಿ ಪದರು. ಮುಂಜಾನೆಯಿಂದ ಆಕೆ ನೀರು ಕುಡಿದಿರಲಿಲ್ಲ. ತಂಬಿಗೆ ಕಂಡರೆ ಬಾಯಿ ಮುಚ್ಚುತ್ತಿದ್ದಳು.

"ನೀರ," ಎಂದಳು ಮುದುಕಿ.

"ಐಶೂ!" ಎಂದು ಕೂಗಿದಳು ಸೌಂದರ್ಯಾ. "ನೀರ ತಗೊಂಡ ಬಾ."

ಮತ್ತೆ ಕೂಗಿದಳು.

"ಐಶ್ವರ್ಯಾ!"

ಎಮ್ಮೆ ತಿರುಗಿ ನೋಡಿತು.

"ನೀರ," ಎಂದಳು ಮುದುಕಿ ಮತ್ತೊಮ್ಮೆ. ಈ ಸಲ ದನಿ ಬರಲಿಲ್ಲ. ತುಟಿ ಮಾತ್ರ ಆಡಿತು.

ಸೌಂದರ್ಯಾಳ ಚೀಲದಲ್ಲಿ ಅವಳದೇ ಬಾಟಲಿ ಇತ್ತು. ಅದನ್ನು ತೆಗೆದಳು. ಕೈಯಲ್ಲಿ ಹಿಡಿದಳು. ಮತ್ತೆ ಒಳಗಿಟ್ಟಳು. ಬಾಟಲಿಯ ನೀರಾದರೆ ಕದ್ದು ಕೊಟ್ಟ ಹಾಗೆ. ರೋಗಿಗೆ ರೋಗಿಯ ಮನೆಯಲ್ಲಿ ನೀರಿತ್ತು.

ಅವಳು ಒಳಬಾಗಿಲು ದಾಟಿದಳು. ಐದು ಹೆಜ್ಜೆ. ಎದುರಿಗೆ ಮಣ್ಣಿನ ಹರವಿ, ಮೇಲೆ ಹಿತ್ತಾಳೆ ಮುಚ್ಚಳ, ಪಕ್ಕದಲ್ಲಿ ಚಮಚೆಗಳ ಡಬ್ಬಿ. ಪಡಸಾಲಿಯ ಪಟ ಅಲ್ಲಿಂದ ಕಾಣುತ್ತಿತ್ತು. ಪಟ ನೋಡುತ್ತಿತ್ತು. ಪಟಕ್ಕೆ ನೋಡುವುದೇ ಕೆಲಸ. ಸಾಬೂನು ಹಚ್ಚಿ ಮೊಣಕೈತನಕ ಕೈ ತೊಳೆದಳು. ಮುಚ್ಚಳ ತೆಗೆದಳು. ಬಟ್ಟಲು ಅದ್ದಿದಳು.

ಕೊಟಗಿಗೆ ಬಂದು ಮುದುಕಿಯ ಕಂಕುಳಲ್ಲಿ ಕೈ ಹಾಕಿ ಎತ್ತಿದಳು. ಹಿಂದೆ ಹಿಂಡಿಯ ಚೀಲ ಆನಿಸಿದಳು. ಗದ್ದವನ್ನು ಎದೆಯ ಕಡೆ ಬಗ್ಗಿಸಿದಳು. ಸತ್ತ ಮಗ್ಗುಲು ಬಿಟ್ಟು ಎಡಗೆನ್ನೆಯ ಒಳಗೆ ಮೊದಲ ಚಮಚೆ.

"ನುಂಗ್ರಿ."

ಗಂಟಲು ಏರಿತು, ಇಳಿಯಿತು. ಕೆಮ್ಮು ಬರಲಿಲ್ಲ.

"ಬಾಯಿ ತಗೀರಿ, ನೋಡೂನು. ಉಳದಿಲ್ಲ ಹೌದಲ್ಲ? ಇನ್ನೊಂದ."

ಎರಡು. ಮೂರು. ಎಂಟನೆಯ ಚಮಚೆಗೆ ಐಶ್ವರ್ಯ ಬಾಗಿಲಿಗೆ ಬಂದಳು. ಬಟ್ಟಲು ನೋಡಿದಳು. ಮುಚ್ಚಳ ತೆರೆದಿದ್ದ ಹರವಿ ನೋಡಿದಳು. ಬಾಯಿ ತೆರೆದಳು. ಅಜ್ಜಿ ನುಂಗುತ್ತಿದ್ದಳು. ಹುಡುಗಿ ಬಾಯಿ ಮುಚ್ಚಿ ಒಳಗೆ ಹೋದಳು.

"ಇನ್... ಇನ್ನೊಂದ," ಎಂದಳು ಹೊನ್ನವ್ವ.

ಇಪ್ಪತ್ತೆರಡು ಚಮಚೆ. ಅಷ್ಟಾದ ಮೇಲೆ ಸೌಂದರ್ಯಾ ಬಟ್ಟಲು ತೊಳೆದಿಟ್ಟು ವಹಿ ತೆಗೆದಳು. ಹತ್ತನೆಯ ಖಾನೆ, ಗುರುವಾರ. ಬರೆದಳು: 'ಸಂಜೆ 5.20. ನೀರು 22 ಚಮಚೆ. ನಾನು ಕುಡಿಸಿದೆ. ಕೆಮ್ಮು ಇಲ್ಲ.'

ಎಂಟನೆಯದು, ಒಂಬತ್ತನೆಯದು ಖಾಲಿ ಇದ್ದವು. ಖಾಲಿಯೇ ಬಿಟ್ಟಳು.

*

ಶನಿವಾರ ಸಂಜೆ ಶ್ರೀಶೈಲಪ್ಪ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಕಿಸೆಯಿಂದ ಪೆನ್ನು ತೆಗೆದ. ಸೌಂದರ್ಯಾ ವಹಿಯನ್ನು ಕಟ್ಟೆಯ ಮೇಲಿಟ್ಟು ದೂರ ನಿಂತಳು. ಅವನು ಒಂದರಿಂದ ಏಳರತನಕ ಸಹಿ ಮಾಡಿದ. ಎಂಟಕ್ಕೆ ಬಂದ.

"ಖಾಲಿ ಬಿಟ್ಟೀಯಲ್ಲವಾ, ಹುಚ್ಚಿ," ಎಂದು ನಕ್ಕು, ಎಂಟು ಮತ್ತು ಒಂಬತ್ತರಲ್ಲಿ ಆರೂ ದಿನದ ಟಿಕ್ಕು ತಾನೇ ಹಾಕಿ, ಅದಕ್ಕೂ ಸಹಿ ಮಾಡಿದ. ಮಾಡದ ಕೆಲಸಕ್ಕೆ ಅವನ ಸಹಿ ದುಂಡಗೆ ಬಿತ್ತು.

ಹತ್ತರ ಮೇಲೆ ಪೆನ್ನು ನಿಂತಿತು.

"ಇದೇನ?"

"ಗುರುವಾರದ್ದರಿ."

"ನಾನು ಕುಡಿಸಿದೆ ಅಂದ್ರ?"

"ನಾ ಕುಡಿಸೀನ್ರಿ. ಐಶೂನ್ನ ಎರಡ ಸಲ ಕರದೆ. ಆಯಿ ಬಾಯಿ ಒಣಗಿತ್ತು."

"ಎಲ್ಲೀ ನೀರ?"

"ನಿಮ್ಮ ಹರವೀದರಿ."

ಶ್ರೀಶೈಲಪ್ಪ ಪೆನ್ನಿನ ಟೋಪಿ ಹಾಕಿದ. ಮೆಲ್ಲಗೆ ಹಾಕಿದ. ಅವನು ಒದರಾಡುವ ಪೈಕಿ ಅಲ್ಲ.

ಅರ್ಧ ತಾಸಿನಲ್ಲಿ ಹರವಿ ಹಿತ್ತಲಲ್ಲಿ ಒಡೆದು ಬಿದ್ದಿತ್ತು. ಬಟ್ಟಲು ತಿಪ್ಪೆಗೆ ಹೋಯಿತು. ಹೊನ್ನವ್ವನ ಬಾಯಿಗೆ ಗೋಮೂತ್ರ ಹಾಕಿ ತೊಳೆದು, ಮಂಚವನ್ನು ಮತ್ತೆ ನಡುಮನೆಗೆ ಹೊತ್ತರು. ಗುರುವಾರದ ನೀರು ಗುರುವಾರವೇ ಹೊರಬಿದ್ದಿತ್ತು. ಅದನ್ನು ತೊಳೆದದ್ದು ಶುಕ್ರವಾರ ಮುಂಜಾನೆ ಸೌಂದರ್ಯಾಳೇ. ಈ ಲೆಕ್ಕವನ್ನು ಯಾರೂ ಹಾಕಲಿಲ್ಲ.

ಭಾನುವಾರ ಯಶೋಧಾಗೆ ಹೊಲದ ಆಳಿನಿಂದ ಹೇಳಿಕೆ ಬಂತು. ನಾಳೆಯಿಂದ ಬರುವುದು ಬೇಡ.

ಯಶೋಧಾ ಮಗಳ ಕಪಾಳಕ್ಕೆ ಹೊಡೆದಳು. "ಕುಡಿಸಿದ್ದ ಕುಡಿಸಿದಿ. ಬರೀಬೇಕಾಗಿತ್ತೇನ? ಯಾಂವ ಹೇಳಿದ್ದ ಬರಿ ಅಂತ?"

"ವಹಿ ಇರೂದs ಬರ್ಯಾಕವ್ವಾ."

ಇನ್ನೊಂದು ಏಟಿಗೆ ಎತ್ತಿದ ಕೈ ಅಲ್ಲೇ ನಿಂತಿತು. ಯಶೋಧಾ ಆ ಕೈಯನ್ನು ತಿರುಗಿಸಿ ನೋಡಿಕೊಂಡಳು. ಉಳ್ಳಾಗಡ್ಡಿಯ ಕರೆ, ಮಣ್ಣು, ಸೀಳು. ಒಲೆಯ ಮುಂದೆ ಹೋಗಿ ಕೂತಳು.

*

ಸೋಮವಾರ ಹೆಡ್ ಮಾಸ್ತರರ ಕೋಣೆ. ಮೇಜಿನ ಮೇಲೆ ವಹಿ. ಪಕ್ಕದಲ್ಲಿ ಪೆನ್ನು. ಕುರ್ಚಿಯಲ್ಲಿ ಶ್ರೀಶೈಲಪ್ಪ. ಗೋಡೆಗೆ ಆತು ಶಮಶುದ್ದೀನ.

"ನೋಡವ್ವಾ ತಂಗಿ," ಎಂದರು ಹೆಡ್ ಮಾಸ್ತರರು, "ಒಂದs ಒಂದ ಗೆರಿ. ಗುರುವಾರದ ಮ್ಯಾಲೆ ಗೆರಿ ಎಳಿ. ಕೆಳಗ 'ಐಶ್ವರ್ಯ ಕುಡಿಸಿದಳು' ಅಂತ ಬರಿ. ಸಾವಕಾರ್ರು ಈಗಿಂದೀಗ ಸಹಿ ಮಾಡ್ತಾರ. ಇಪ್ಪತ್ತಕ್ಕ ಇಪ್ಪತ್ತು. ನಿಮ್ಮವ್ವನೂ ನಾಳಿಂದ ಹೊಲಕ್ಕ ಹೋಗ್ತಾಳ. ಮುಗೀತು."

"ಸೌಂದರ್ಯಾ," ಎಂದ ಶಮಶುದ್ದೀನ ತಗ್ಗಿದ ದನಿಯಲ್ಲಿ, "ವಹಿ ಇಲ್ಲಾಂದ್ರ ಫೇಲಾಗ್ತಿ. ನಾ ಏನೂ ಮಾಡಾಕ ಬರಂಗಿಲ್ಲ. ನನ್ನ ಕರಾರ ಕಾಗದಕ್ಕೂ ಇವರದs ಸಹಿ."

"ಗೆರಿ ಎಳೀಬೇಕೇನ್ರಿ ಸರ್?"

"ಹೂಂ. ಒಂದ ಗೆರಿ."

ಸೌಂದರ್ಯಾ ಮುಂದೆ ಬಂದಳು. ಪೆನ್ನು ಎತ್ತಿಕೊಂಡಳು. ವಹಿ ತೆರೆದಳು. ಎಂಟನೆಯ ಖಾನೆಯ ಮೇಲೆ, ಈ ತುದಿಯಿಂದ ಆ ತುದಿಗೆ, ಶ್ರೀಶೈಲಪ್ಪನ ದುಂಡನೆಯ ಸಹಿಯನ್ನೂ ಸೇರಿಸಿ ಗೆರೆ ಎಳೆದಳು. ಒಂಬತ್ತರ ಮೇಲೆ ಇನ್ನೊಂದು.

ಶ್ರೀಶೈಲಪ್ಪ ಕುರ್ಚಿಯಿಂದ ಎದ್ದ.

"ನನ್ನ ಸಹಿ ಮ್ಯಾಲೆ?" ಎಂದ ಶ್ರೀಶೈಲಪ್ಪ. ಈಗ ದನಿ ಏರಿತು. "ಹೊಲತೀ, ನನ್ನ ಸಹಿ ಮ್ಯಾಲೆ ಗೆರಿ ಎಳೀತಿ?"

"ಇವೆರಡೂ ನಾ ಮಾಡಿಲ್ರಿ. ಔಷಧ ಕೊಟ್ಟಿಲ್ಲ. ಊಟಾ ಮಾಡಿಸಿಲ್ಲ. ಮಾಡಗೊಟ್ಟಿಲ್ಲ ನೀವು. ಹತ್ತನೇದ್ದ ಮಾಡೀನಿ. ಸುಳ್ಳ ಇದ್ದಲ್ಲಿ ನಕ್ಕೋತ ಸಹಿ ಮಾಡಿದ್ರಿ. ಖರೇ ಇದ್ದಲ್ಲಿ ಪೆನ್ನಿನ ಟೋಪಿ ಹಾಕಿದ್ರಿ."

"ಏ, ನಾಲಿಗಿ!" ಎಂದರು ಹೆಡ್ ಮಾಸ್ತರರು.

"ಮೂರನೇ ಖಾನೆಗೆ ನನ್ನ ಕೈ ನಡೀತೈತಿ. ಆಯಿದು ಹೇಲ ಬಳದಿದ್ದ ಇದs ಕೈರಿ. ಆರ ದಿನ. ಅದಕ್ಕ ಸಹಿ ಮಾಡೀರಿ. ಹತ್ತನೇದ್ದಕ್ಕ ಈ ಕೈಗೆ ಏನಾತು? ತೊಳಕೊಂಡs ಕುಡಿಸೀನಿ. ಸಾಬೂನ ಹಚ್ಚಿ."

ವಹಿಯನ್ನು ಮುಚ್ಚಿ ಚೀಲಕ್ಕೆ ಹಾಕಿಕೊಂಡಳು.

"ಬುಧವಾರ ಸಂಜೀಕ ವಹಿ ಕೊಡಬೇಕು," ಎಂದರು ಹೆಡ್ ಮಾಸ್ತರರು ಅವಳ ಬೆನ್ನಿಗೆ. "ಸಹಿ ಒಂದ ಕಡಿಮಿ ಇದ್ರೂ ತಗೊಳ್ಳಂಗಿಲ್ಲ. ಅಲ್ಲೀತನಕ ಸಾಲಿಗೆ ಬರಬ್ಯಾಡ."

*

ಮಂಗಳವಾರ ಹೊತ್ತೇರುವಷ್ಟರಲ್ಲಿ ಕೆಳಗಿನ ಓಣಿಯ ನಳದ ಹತ್ತಿರ ಸೀತವ್ವ ಬಂದು ನಿಂತಳು. ಮದುವೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ಆ ಓಣಿಗೆ ಆಕೆ ಬಂದಿರಲಿಲ್ಲ. ಯಾವ ಮನೆ ಎಂದು ಕೇಳಬೇಕಾಯಿತು. ಸೆರಗಿನ ತುದಿಯನ್ನು ಮೂಗಿಗೆ ಹಿಡಿದಿದ್ದಳು. ಅದೇ ಸೆರಗಿನಲ್ಲಿ ಅತ್ತೆಯ ವಾಸನೆ ಇತ್ತು.

"ಸೌಂದರ್ಯಾ, ಬಾರವಾ ಸ್ವಲ್ಪ. ಅತ್ತಿ ಶನಿವಾರ ಸಂಜಿಂದ ಹನಿ ನೀರ ಮುಟ್ಟಿಲ್ಲ. ಬಾಯಿ ಬಿಚ್ಚಂಗಿಲ್ಲ. ಹಲ್ಲಾಗ ಚಮಚಿ ಹೋಗಂಗಿಲ್ಲ. ನಿನ್ನೆಯಿಂದ ಉಚ್ಚಿನೂ ಇಲ್ಲ."

ಹೊನ್ನವ್ವ ಯಾರ ಮೇಲಿನ ಪ್ರೀತಿಯಿಂದಲೂ ಹಲ್ಲು ಕಚ್ಚಿರಲಿಲ್ಲ. ಅಂಗಾತ ಮಲಗಿಸಿ ಸುರಿದರೆ ಉಸಿರು ಕಟ್ಟುತ್ತದೆ. ಉಸಿರು ಕಟ್ಟದ ಹಾಗೆಯೂ ಕುಡಿಸಬಹುದೆಂದು ಆಕೆಗೆ ಒಮ್ಮೆ ಗೊತ್ತಾಗಿಬಿಟ್ಟಿತ್ತು.

"ದವಾಖಾನಿಗೆ ಒಯ್ಯಿರಿ," ಎಂದಳು ಸೌಂದರ್ಯಾ.

"ಇವರು ಇಂಡಿಗೆ ಹೋಗ್ಯಾರ. ನಾಳಿಗೆ ಬರ್ತಾರ. ಬಾರವಾ, ಹಿತ್ತಲ ಬಾಗಲಾ ತಗದ ಬಂದೀನಿ."

ಸೌಂದರ್ಯಾಳ ಕಣ್ಣ ಮುಂದೆ ಆ ಬಿರಿದ ತುಟಿ ಬಂತು. ಎರಡೂವರೆ ದಿನ. ಕಾಲು ತಾನೇ ಹೊಸ್ತಿಲಿಗೆ ಬಂದಿತ್ತು. ಅದನ್ನು ಅಲ್ಲೇ ಹಿಡಿದು ನಿಲ್ಲಿಸಿದಳು. ಹಿಂದೆ ಒಲೆಯ ಹತ್ತಿರದಿಂದ ಯಶೋಧಾ ಎದ್ದು ಬಂದಳು.

"ಸೀತಕ್ಕಾರ," ಎಂದಳು ಯಶೋಧಾ, "ನನ್ನ ಮಗಳ ಕೈನೀರ ನಿಮ್ಮತ್ತಿ ಬಾಯಾಗ ಹೋದ್ರ ಮೈಲಿಗಿ. ಅದs ನೀರ ಕೆಳಗ ಬಂದ ಮ್ಯಾಲೆ ಬಳ್ಯಾಕ ಮತ್ತ ನನ್ನ ಮಗಳs ಬೇಕು. ಒಡದ ಹರವಿ ಎಷ್ಟ ನೀರ ಹಿಡೀತೈತಿ, ಹೇಳ್ರಿ."

"ಯಶೋಧಾ, ಜೀವದ ಮಾತ ಐತಿ."

"ನಮ್ದೂ ಜೀವದs ಮಾತರಿ."

ಸೌಂದರ್ಯಾ ಒಳಗೆ ಹೋಗಿ ವಹಿ ತಂದಳು. ಹತ್ತನೆಯ ಖಾನೆ ತೆರೆದು ಹಿಡಿದಳು.

"ಇಲ್ಲೆ 'ಮನೆಯವರ ಸಹಿ' ಅಂತೈತ್ರಿ. ಸಾವಕಾರ್ರ ಸಹಿ ಅಂತ ಇಲ್ಲ. ಓದಿ ಸಹಿ ಮಾಡ್ರಿ. ಮತ್ತ ನಾ ಮುಂದಿನ ಬಾಗಲ್ಲೆ ಬರ್ತೇನಿ. ಹಿತ್ತಲದಾಗಿಂದ ಬರಂಗಿಲ್ಲ."

"ಮುಂದಿನ ಬಾಗಲಾ? ಓಣಿ ಮಂದಿ ಕಟ್ಟಿ ಮ್ಯಾಲೆ ಕುಂತಿರ್ತೈತಿ."

"ಕುಂತಿರ್ಲಿ. ನೋಡ್ಲಿ."

"ಅವರಿಗೆ ಗೊತ್ತಾದ್ರ ನನ್ನ ಕಡೀತಾರ. ನೀ ಹೇಳಬ್ಯಾಡ ಮತ್ತ."

"ನಾ ಹೇಳಂಗಿಲ್ರಿ. ಬರದದ್ದ ಹೇಳ್ತೈತಿ."

ಸೀತವ್ವ ನಳದ ಕಡೆ ನೋಡಿದಳು. ಮೇಲಿನ ಓಣಿಯ ಕಡೆ ನೋಡಿದಳು. ಸೌಂದರ್ಯಾ ವಹಿಯನ್ನು ಕೆಳಗಿಳಿಸಲಿಲ್ಲ. ಕೈ ಸೋಲುತ್ತಿತ್ತು. ಸುಮ್ಮನೆ ಹೋಗಿ ಕುಡಿಸಿ ಬಿಡಬೇಕೆಂದು ಒಳಗಿನಿಂದ ಏನೋ ಕಚ್ಚುತ್ತಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ಹೋಗಿಯೇ ಬಿಡುತ್ತಿದ್ದಳೇನೋ. ಅದು ಸೀತವ್ವನಿಗೆ ಗೊತ್ತಿರಲಿಲ್ಲ.

ಸೀತವ್ವ ಪೆನ್ನು ಕೇಳಿದಳು. ಮಹಿಳಾ ಸಂಘದ ಪುಸ್ತಕಕ್ಕೆಂದು ಕಲಿತ ಸಹಿ. 'ಸೀ' ದೊಡ್ಡದು, 'ವ್ವ' ಖಾನೆಯಿಂದ ಹೊರಗೆ ಹೋಯಿತು. ಆಕೆಯ ಮನಸ್ಸಿನಲ್ಲಿ ನ್ಯಾಯ ಅನ್ಯಾಯದ ವಿಚಾರ ಏನೂ ಇದ್ದಂತಿರಲಿಲ್ಲ. ಮೂರು ದಿನದಿಂದ ಏಳೂ ಖಾನೆಗಳನ್ನು ಆಕೆ ಒಬ್ಬಳೇ ಮಾಡಿದ್ದಳು.

ಮೇಲಿನ ಓಣಿಯಲ್ಲಿ ನಾಲ್ಕು ಕಟ್ಟೆಗಳ ಮೇಲೆ ಜನ ಇದ್ದರು. ಸೀತವ್ವ ಮುಂದೆ, ಹತ್ತು ಹೆಜ್ಜೆ ಹಿಂದೆ ಬಿಳಿ ಏಪ್ರನ್ ಹಾಕಿಕೊಂಡ ಸೌಂದರ್ಯಾ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಒಬ್ಬನ ಕೈ ಬಾಯಿಯ ಹತ್ತಿರವೇ ನಿಂತಿತು.

"ಯಾಕವಾ, ದಾರಿ ತಪ್ಪಿತೇನ?" ಎಂದ ಅವನು.

"ಇಲ್ರಿ," ಎಂದಳು.

ಮೂರು ಮೆಟ್ಟಿಲು. ಹೊಸ್ತಿಲು. ಪಡಸಾಲಿ. ಪಟ. ನಡುಮನೆ. ಹೊಸ ಹರವಿ. ಕೈ ತೊಳೆದಳು. ಹೊನ್ನವ್ವ ಕಣ್ಣು ಮುಚ್ಚಿದ್ದಳು. ಎತ್ತಿ ಕೂಡಿಸಿ, ಗದ್ದ ಬಗ್ಗಿಸಿ, ಚಮಚೆಯನ್ನು ತುಟಿಗೆ ತಾಗಿಸಿದಳು.

"ಆಯಿ, ನಾನ್ರಿ. ಯಶೋಧಾನ ಮಗಳ. ಬಾಯಿ ತಗೀರಿ."

ಹಲ್ಲು ಬಿಚ್ಚಲಿಲ್ಲ. ಸೌಂದರ್ಯಾ ಕಾದಳು. ಹತ್ತು ಎಣಿಸಿದಳು. ಇಪ್ಪತ್ತು ಎಣಿಸಿದಳು. ಮೂವತ್ತೊಂದಕ್ಕೆ ಎಡಗೈ ಮೇಲೆ ಬಂತು. ಹುಡುಗಿಯ ಮಣಿಕಟ್ಟು ಹಿಡಿದು, ಚಮಚೆಯನ್ನು ತಾನೇ ಬಾಯಿಗೆ ಎಳೆದುಕೊಂಡಿತು.

*

ವಹಿ ಬುಧವಾರ ಮುಂಜಾನೆಯೇ ಶಮಶುದ್ದೀನನ ಮೇಜಿಗೆ ಬಂತು. ಅವನು ತೆಗೆದುಕೊಂಡು ರಜಿಸ್ಟರಿನಲ್ಲಿ ಏರಿಸಿ, ಹೆಡ್ ಮಾಸ್ತರರು ಬರುವ ಮೊದಲೇ ಅದನ್ನು ತಾಲೂಕಿನ ಶಿಕ್ಷಣ ಕಚೇರಿಗೆ ಮುಟ್ಟಿಸಲು ಬಾಗೇವಾಡಿಯ ಬಸ್ಸು ಹತ್ತಿದ. ಜೂನಿನಲ್ಲಿ ಅವನ ಕರಾರು ಮುಂದುವರಿಯಲಿಲ್ಲ. ಯಶೋಧಾ ಈಗ ಆರು ಕಿಲೋಮೀಟರು ಆಚೆಯ ಹೊಲಕ್ಕೆ ಹೋಗುತ್ತಾಳೆ. ಈ ವರ್ಷ ಚೀಟಿಗಳಿಗೆ ಮಡಿಕೆ ಇತ್ತು.

ಎಂಟು, ಒಂಬತ್ತನೆಯ ಖಾನೆಗಳಿಗೆ ಗೆರೆ ಬಿದ್ದಿದ್ದರಿಂದ ಸೌಂದರ್ಯಾಗೆ ಇಪ್ಪತ್ತಕ್ಕೆ ಹದಿನಾರು ಬಂತು. ಐಶ್ವರ್ಯಗೆ ಇಪ್ಪತ್ತಕ್ಕೆ ಇಪ್ಪತ್ತು.